ಕರಿಯನ ಜೊತೆ ಬೆಟ್ಟ ಹತ್ತಬಹುದೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ವರ್ಷದ ಕಪ್ಪು ಲ್ಯಾಬ್ರಡಾರ್ ಇದ್ದಾನೆ. ಹೆಸರು ಕರಿಯ, ತೂಕ 30 ಕೆ.ಜಿ. ದಿನಾ ಬೆಳಿಗ್ಗೆ ಬಡಾವಣೆಯಲ್ಲೇ ಅರ್ಧ ಗಂಟೆ ಸುತ್ತಾಡಿಸುತ್ತೇನೆ. ನನಗೂ ನನ್ನ ಮಗಳಿಗೂ ಚಾರಣದ ಹುಚ್ಚು. ನಾವು ಬ್ಯಾಗು ಹೆಗಲಿಗೇರಿಸಿದರೆ ಸಾಕು, ಅವನು ಬಂದು ಬಾಗಿಲಿಗೆ ಅಡ್ಡ ಮಲಗುತ್ತಾನೆ. ಬಿಟ್ಟು ಹೋಗಲು ಮನಸ್ಸೇ ಬರುವುದಿಲ್ಲ. ಈ ಸಲ ದೇವರಾಯನದುರ್ಗಕ್ಕೆ, ಆಮೇಲೆ ಕುಮಾರ ಪರ್ವತಕ್ಕೆ ಅವನನ್ನೂ ಕರೆದೊಯ್ಯಬೇಕೆಂದಿದ್ದೇವೆ. ಹೋಗಬಹುದೇ? ಏನೇನು ತಯಾರಿ ಬೇಕು?
– ಓದುಗರೊಬ್ಬರು, ತುಮಕೂರು

ಉತ್ತರ: ಕರಿಯನನ್ನು ಹೊರಗೆ ಕರೆದೊಯ್ಯಿರಿ, ಖಂಡಿತ ಕರೆದೊಯ್ಯಿರಿ. ಮೂರು ವರ್ಷದ ಲ್ಯಾಬ್ರಡಾರ್‌ಗೆ ಬಡಾವಣೆಯ ನಾಲ್ಕು ಅಡ್ಡರಸ್ತೆ ಯಾವ ಮೂಲೆಗೂ ಸಾಲದು. ಆದರೆ ಕುಮಾರ ಪರ್ವತಕ್ಕೆ ಬೇಡ, ದೇವರಾಯನದುರ್ಗದ ಕಾಡಿಗೂ ಬೇಡ. ಇಷ್ಟು ಹೇಳಿ ಸುಮ್ಮನಾದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತಾಗುತ್ತದೆ. ಎಲ್ಲಿಗೆ ಬೇಡ, ಏಕೆ ಬೇಡ, ಹಾಗಾದರೆ ಎಲ್ಲಿಗೆ, ಹೇಗೆ ಎನ್ನುವುದನ್ನೂ ಹೇಳುತ್ತೇನೆ. ಎಲ್ಲದರ ಹಿಂದೆ ಇರುವ ಮಾತು ಒಂದೇ: ತಿರುಗಾಟದಲ್ಲಿ ನಾಯಿಗೆ ಸಿಗುವ ಸುಖ ಮೂಗಿನಿಂದ ಬರುತ್ತದೆ. ಎಷ್ಟು ಎತ್ತರ ಹತ್ತಿದೆವು ಎನ್ನುವುದು ಅವನ ಲೆಕ್ಕದಲ್ಲಿಲ್ಲ. ಇದು ಮನಸ್ಸಿಗೆ ಬಂದರೆ ಜಾಗ, ವೇಳೆ, ದೂರ ಮೂರನ್ನೂ ಆರಿಸುವುದು ಸುಲಭವಾಗುತ್ತದೆ.

ಕಾಡಿನೊಳಗೆ ಏಕೆ ಬೇಡ

ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿಧಾಮದಲ್ಲಿ. ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿಧಾಮದ ಭಾಗ, ಕುದುರೆಮುಖ ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುವ ಇಂಥ ಜಾಗಗಳಿಗೆ ಸಾಕುನಾಯಿಯನ್ನು ಕರೆದೊಯ್ಯುವಂತಿಲ್ಲ. ಚೆಕ್‌ಪೋಸ್ಟಿನಲ್ಲಿ ಗಾರ್ಡು ತಡೆದರೆ ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಆ ನಿಯಮಕ್ಕೆ ಗಟ್ಟಿ ಕಾರಣಗಳಿವೆ.

ಮೊದಲನೆಯದು ರೋಗ. ನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ವೈರಾಣು ಜ್ವರ ಕಾಡುಪ್ರಾಣಿಗಳಿಗೂ ಹಬ್ಬುತ್ತದೆ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಸುಮಾರು ಸಾವಿರ ಸಿಂಹಗಳು, ಅಂದರೆ ಅಲ್ಲಿದ್ದ ಸಿಂಹಗಳಲ್ಲಿ ಮೂರನೇ ಒಂದು ಭಾಗ, ಈ ರೋಗಕ್ಕೆ ಬಲಿಯಾದವು. ಅದು ಸುತ್ತಲಿನ ಹಳ್ಳಿಗಳ ನಾಯಿಗಳಿಂದ ಬಂತೆಂದು ವಿಜ್ಞಾನಿಗಳು ಬೊಟ್ಟು ಮಾಡಿದರು. 2018ರಲ್ಲಿ ನಮ್ಮದೇ ಗುಜರಾತಿನ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಕೆಲವೇ ವಾರಗಳಲ್ಲಿ ಸತ್ತಾಗಲೂ ಇದೇ ವೈರಾಣು ಪತ್ತೆಯಾಯಿತು. ನಮ್ಮ ಪಶ್ಚಿಮಘಟ್ಟದಲ್ಲಿ ಸೀಳುನಾಯಿಗಳಿವೆ. ನಾಯಿಯ ವಂಶದವೇ ಆದ್ದರಿಂದ ನಾಯಿಯ ಕಾಯಿಲೆಗಳು ಅವಕ್ಕೆ ಸಲೀಸಾಗಿ ಅಂಟುತ್ತವೆ. ಅವು ಗುಂಪಾಗಿ ಬಾಳುವ ಪ್ರಾಣಿಗಳು. ಒಂದಕ್ಕೆ ತಗುಲಿದ್ದು ಇಡೀ ಗುಂಪಿಗೆ ತಗುಲುತ್ತದೆ. ಕರಿಯನಿಗೆ ಲಸಿಕೆ ಆಗಿರಬಹುದು, ಆದರೆ ಉಣ್ಣಿ, ಕಜ್ಜಿ, ಹೊಟ್ಟೆಹುಳದಂಥವನ್ನು ಲಸಿಕೆ ತಡೆಯುವುದಿಲ್ಲ.

ಎರಡನೆಯದು ಕರಿಯನ ಜೀವ. ದೇವರಾಯನದುರ್ಗದ ಸುತ್ತಲಿನ ಕಾಡಿನಲ್ಲಿ ಚಿರತೆಯೂ ಇದೆ, ಕರಡಿಯೂ ಇದೆ. ಚಿರತೆಗೆ ನಾಯಿಯೆಂದರೆ ಸುಲಭದ ಬೇಟೆ. ಮಲೆನಾಡಿನಲ್ಲಿ ಅಂಗಳದಲ್ಲಿ ಕಟ್ಟಿದ್ದ ನಾಯಿಯನ್ನೇ ರಾತ್ರಿ ಹೊತ್ತೊಯ್ದ ಸುದ್ದಿ ಯಾವ ಊರಿಗೂ ಹೊಸದಲ್ಲ. ಕರಡಿಯ ವಿಚಾರ ಇನ್ನೂ ಅಪಾಯದ್ದು. ಪೊದೆಯಲ್ಲಿದ್ದ ಕರಡಿಯನ್ನು ನಾಯಿ ಬೊಗಳಿ ಕೆಣಕುತ್ತದೆ, ಹೆದರಿದ ಕೂಡಲೇ ತಿರುಗಿ ಯಜಮಾನನ ಕಡೆಗೇ ಓಡಿ ಬರುತ್ತದೆ. ಅದರ ಬೆನ್ನಿಗೆ ಕರಡಿ. ನಿಮ್ಮ ಜೊತೆ ಮಗಳೂ ಇರುತ್ತಾಳೆ ಎನ್ನುವುದನ್ನು ಮರೆಯಬೇಡಿ. ಇನ್ನು ಬೆಟ್ಟದ ಮೇಲಿನ ದೇವಸ್ಥಾನದ ಬಳಿ ಜನ, ಕೋತಿ, ಪ್ರಸಾದದ ಎಲೆ. ಅಲ್ಲಿ ಕರಿಯನಿಗೂ ನೆಮ್ಮದಿಯಿಲ್ಲ, ಬಂದ ಭಕ್ತರಿಗೂ ಇಲ್ಲ.

ಅವನ ಮೈಯ ಲೆಕ್ಕ

ಲ್ಯಾಬ್ರಡಾರ್ ತಳಿಯ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್. ಅಲ್ಲಿನ ಕೊರೆಯುವ ಸಮುದ್ರದಲ್ಲಿ ಮೀನುಗಾರರ ಬಲೆ ಎಳೆಯಲು, ತಪ್ಪಿಸಿಕೊಂಡ ಮೀನು ಹಿಡಿದು ತರಲು ನೆರವಾಗುತ್ತಿದ್ದ ನಾಯಿಗಳು ಇವುಗಳ ಪೂರ್ವಜರು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿಗೆ ಹೋಗಿ ಇಂದಿನ ತಳಿಯಾದವು. ಬೆರಳುಗಳ ನಡುವೆ ಪೊರೆ, ಎರಡು ಪದರದ ದಟ್ಟ ತುಪ್ಪಳ, ನೀರು ಕಂಡರೆ ಹುಚ್ಚು – ಎಲ್ಲವೂ ಅಲ್ಲಿಂದ ಬಂದ ಗುಣ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಿ: ತೆಳು ಮೈ, ಉದ್ದ ಕಾಲು, ಮೈಗಂಟಿದ ಗಿಡ್ಡ ಕೂದಲು. ಒಣ ಬಯಲಿನಲ್ಲಿ ಮೊಲದ ಹಿಂದೆ ಓಡಲು ಹೇಳಿ ಮಾಡಿಸಿದ ದೇಹ. ಕರಿಯನ ದೇಹ ಚಳಿಗೆ ಹೊಂದಿದ್ದು. ಮೇಲಾಗಿ ಬಣ್ಣ ಕಪ್ಪು, ಬಿಸಿಲನ್ನು ಹೆಚ್ಚು ಹೀರುತ್ತದೆ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಬೆವರು ಇರುವುದು ಅಂಗಾಲಿನಲ್ಲಿ ಮಾತ್ರ. ಮೈ ತಣಿಸಿಕೊಳ್ಳಲು ಅದಕ್ಕಿರುವ ಮುಖ್ಯ ದಾರಿ ನಾಲಿಗೆ ಚಾಚಿ ತೇಕುವುದು. ಆರೋಗ್ಯವಂತ ನಾಯಿಯ ಮೈಬಿಸಿ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಅದು 41 ದಾಟಿದರೆ ಒಳಗಿನ ಅಂಗಾಂಗಗಳೇ ಕೆಡಲು ಶುರುವಾಗುತ್ತವೆ. ಲ್ಯಾಬ್ರಡಾರ್ ತಾನಾಗಿ ನಿಲ್ಲುವ ನಾಯಿಯೂ ಅಲ್ಲ. ನೀವು ನಡೆದಷ್ಟೂ ಬಾಲ ಅಲ್ಲಾಡಿಸುತ್ತ ಬರುತ್ತದೆ, ಕುಸಿಯುವವರೆಗೂ ಬರುತ್ತದೆ. ಹಾಗಾಗಿ ನಿಲ್ಲಿಸುವ ಹೊಣೆ ನಿಮ್ಮದು.

ಗಮನಿಸಬೇಕಾದ ಗುರುತುಗಳು ಇವು. ನಾಲಿಗೆ ಅಗಲವಾಗಿ ಸೌಟಿನಾಕಾರಕ್ಕೆ ಬರುವುದು, ಜೊಲ್ಲು ಗಟ್ಟಿಯಾಗಿ ನೂಲಿನಂತೆ ಇಳಿಯುವುದು, ನೆರಳು ಕಂಡಲ್ಲೆಲ್ಲ ಕೂರಲು ಹವಣಿಸುವುದು. ಒಸಡು ಕಡುಗೆಂಪಾದರೆ, ನಡೆಯುವಾಗ ತೂರಾಡಿದರೆ, ವಾಂತಿಯಾದರೆ ಅದು ಬಿಸಿಲಿನ ಹೊಡೆತ. ಕೂಡಲೇ ನೆರಳಿಗೆ ತಂದು, ಹೊಟ್ಟೆ, ತೊಡೆಸಂದು, ಅಂಗಾಲು ಸೇರಿದಂತೆ ಮೈಗೆಲ್ಲ ನೀರು ಸುರಿಯಿರಿ, ಟವೆಲಿನಿಂದ ಗಾಳಿ ಬೀಸಿ. ಮೊದಲು ತಣಿಸಿ, ಆಮೇಲೆ ಆಸ್ಪತ್ರೆಗೆ ಓಡಿ. ಒದ್ದೆ ಬಟ್ಟೆ ಹೊದಿಸಿ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಎಚ್ಚರ ತಪ್ಪಿದ ನಾಯಿಯ ಬಾಯಿಗೆ ನೀರು ಹಾಕಬೇಡಿ.

ಅಲ್ಲಿಯವರೆಗೆ ಹೋಗದಿರಲು ಉಪಾಯ ಸರಳ. ಬೆಳಿಗ್ಗೆ ಆರಕ್ಕೆ ನಡಿಗೆ ಶುರು ಮಾಡಿ ಎಂಟೂವರೆಯೊಳಗೆ ಮುಗಿಸಿ. ತುಮಕೂರಿನ ಮಾರ್ಚ್‌ನಿಂದ ಮೇವರೆಗಿನ ಬಿಸಿಲಿನಲ್ಲಿ ಎಂಟೇ ಮಿತಿ. ಡಾಂಬರಿನ ಮೇಲೆ ನಿಮ್ಮ ಅಂಗೈಯ ಹಿಂಬದಿಯನ್ನು ಆರೇಳು ಸೆಕೆಂಡು ಇಟ್ಟುನೋಡಿ. ನಿಮಗೆ ತಡೆಯಲಾಗದಿದ್ದರೆ ಅವನ ಅಂಗಾಲಿಗೂ ತಡೆಯಲಾಗದು. ನಿಂತ ಕಾರಿನಲ್ಲಿ ಅವನೊಬ್ಬನನ್ನೇ ಬಿಟ್ಟು ಟಿಫನ್ನಿಗೆ ಇಳಿಯಬೇಡಿ. ಹೊರಗೆ 30 ಡಿಗ್ರಿ ಇದ್ದರೆ ಹತ್ತೇ ನಿಮಿಷದಲ್ಲಿ ಒಳಗೆ 40 ಮುಟ್ಟಬಹುದು. ಕಿಟಕಿಯನ್ನು ನಾಲ್ಕು ಬೆರಳು ಇಳಿಸಿಟ್ಟರೂ ಹೆಚ್ಚು ಪ್ರಯೋಜನವಿಲ್ಲ.

ಮೂಗಿಗೆ ಬಿಡುವು ಕೊಡಿ

ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು ಐವತ್ತರಿಂದ ಅರವತ್ತು ಲಕ್ಷ. ನಾಯಿಗೆ ಇಪ್ಪತ್ತು ಕೋಟಿಗೂ ಮೇಲೆ. ಅದರ ಹೊಳ್ಳೆಗಳ ಪಕ್ಕದಲ್ಲಿರುವ ಸೀಳನ್ನು ಗಮನಿಸಿದ್ದೀರಾ? ಮೂಸುವಾಗ ಬಿಡುವ ಉಸಿರು ಆ ಸೀಳಿನಿಂದ ಬದಿಗೆ ಹೋಗುತ್ತದೆ, ಎದುರಿನ ವಾಸನೆ ಕದಡುವುದಿಲ್ಲ. ಮುಂದಿನ ಸಲ ಕೆರೆ ಏರಿಯ ಮೇಲೆ ನಡೆಯುವಾಗ ಅವನನ್ನು ಒಂದು ಕಲ್ಲಿನ ಬಳಿ ನಿಲ್ಲಲು ಬಿಟ್ಟು ನೋಡಿ. ಮೊದಲು ದೂರದಿಂದ ಗಾಳಿಯಲ್ಲಿ ಮೂಗು ಎತ್ತುತ್ತಾನೆ. ಹತ್ತಿರ ಬಂದು ಕಲ್ಲಿನ ಬುಡ, ಆಮೇಲೆ ಒಂದು ಗೇಣು ಮೇಲೆ, ಆಮೇಲೆ ಸುತ್ತು ಹಾಕಿ ಹಿಂಬದಿ. ಹುಲ್ಲಿನ ಒಂದೇ ಎಸಳಿಗೆ ಮೂಗು ತಾಗಿಸಿ ಗಕ್ಕನೆ ನಿಲ್ಲುತ್ತಾನೆ, ಹೊಳ್ಳೆ ಮಾತ್ರ ಪಟಪಟ ಆಡುತ್ತಿರುತ್ತದೆ. ರಾತ್ರಿ ನರಿ ಹಾದುಹೋದದ್ದು, ಪಕ್ಕದ ಹಟ್ಟಿಯ ನಾಯಿ ಕಾಲೆತ್ತಿದ್ದು, ಕುರಿ ಮಂದೆ ಮೇದದ್ದು ಎಲ್ಲ ಅವನಿಗೆ ಅಲ್ಲಿ ಗೊತ್ತಾಗುತ್ತದೆ. ಆಗ ಹಗ್ಗ ಜಗ್ಗಿ ‘ನಡಿ ನಡಿ’ ಎಂದರೆ ಮಗುವನ್ನು ಜಾತ್ರೆಗೆ ಕರೆದೊಯ್ದು ಕಣ್ಣಿಗೆ ಬಟ್ಟೆ ಕಟ್ಟಿದಂತೆ.

ಇಲ್ಲೇ ಬಿಸಿಲಿನ ಮಾತೂ ಸೇರಿಕೊಳ್ಳುತ್ತದೆ. ತೇಕುತ್ತಿರುವ ನಾಯಿಗೆ ಸರಿಯಾಗಿ ಮೂಸಲಾಗುವುದಿಲ್ಲ, ಎರಡನ್ನೂ ಒಟ್ಟಿಗೆ ಮಾಡುವಂತಿಲ್ಲ. ಏರು ದಾರಿಯಲ್ಲಿ, ಏರು ಬಿಸಿಲಿನಲ್ಲಿ ನಾಲಿಗೆ ಚಾಚಿ ಏಳೆಂಟು ಗಂಟೆ ಬೆಟ್ಟ ಹತ್ತಿದ ನಾಯಿ ಶಿಖರ ಮುಟ್ಟಬಹುದು, ಆದರೆ ದಾರಿಯ ಅನುಭವವನ್ನೆಲ್ಲ ಕಳೆದುಕೊಂಡಿರುತ್ತದೆ. ತಂಪು ಹೊತ್ತಿನಲ್ಲಿ ಮೂರು ಕಿಲೋಮೀಟರು ನಿಂತು ನಿಂತು ನಡೆದ ನಾಯಿಗೆ ಸಿಕ್ಕ ಸುಖ ಅದಕ್ಕಿಂತ ಎಷ್ಟೋ ದೊಡ್ಡದು. ನಿಮ್ಮ ಚಾರಣದ ಹುಚ್ಚು ನನಗೆ ಅರ್ಥವಾಗುತ್ತದೆ, ಅದನ್ನು ಬಿಡಿ ಎನ್ನುತ್ತಿಲ್ಲ. ಅವನ ಜೊತೆ ಹೋಗುವ ದಿನ ಮಾತ್ರ ವೇಗವನ್ನು ಅವನಿಗೆ ಒಪ್ಪಿಸಿ.

ಹಾಗಾದರೆ ಎಲ್ಲಿಗೆ?

ನಿಮ್ಮ ಜಿಲ್ಲೆಯಲ್ಲೇ ಬೇಕಾದಷ್ಟು ಜಾಗವಿದೆ. ಊರಾಚೆಯ ಕೆರೆ ಏರಿಗಳು, ತಿಪಟೂರು ಕಡೆಯ ತೆಂಗಿನ ತೋಟಗಳು, ಮಾವಿನ ತೋಪುಗಳು, ವಾಹನ ಓಡಾಡದ ಬಂಡಿ ಜಾಡು. ತೋಟವಾದರೆ ಮಾಲೀಕರನ್ನು ಮೊದಲೇ ಕೇಳಿ. ಹೊಸದಾಗಿ ಔಷಧ ಹೊಡೆದಿದ್ದಾರೆಯೇ, ಇಲಿ ಪಾಷಾಣ ಇಟ್ಟಿದ್ದಾರೆಯೇ, ಹಂದಿಗೆ ಉರುಳು ಹಾಕಿದ್ದಾರೆಯೇ – ಈ ಮೂರನ್ನೂ ಬಾಯಿಬಿಟ್ಟು ಕೇಳಬೇಕು. ಕಾಡಂಚಿನ ಹೊಲಗಳಲ್ಲಿ ಕಾಡುಹಂದಿಗೆಂದು ಕಾನೂನು ಮೀರಿ ಇಡುವ ತಂತಿ ಉರುಳು, ತಿನಿಸಿನಲ್ಲಿ ಸುತ್ತಿದ ಸಿಡಿಮದ್ದಿನ ಉಂಡೆಗಳಿಗೆ ಎಷ್ಟೋ ನಾಯಿಗಳು ಬಲಿಯಾಗಿವೆ. ಅಂಥ ಕಡೆ ಕರಿಯ ನೆಲದಿಂದ ಏನನ್ನೂ ಬಾಯಿಗೆ ಹಾಕಿಕೊಳ್ಳದಂತೆ ಕಣ್ಣಿಡಿ.

ಎರಡು ದಿನ ರಜೆ ಸಿಕ್ಕರೆ ಸಕಲೇಶಪುರ, ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳ ನಡುವಿನ ಹೋಂಸ್ಟೇಗಳಲ್ಲಿ ಕೆಲವು ನಾಯಿಯನ್ನೂ ಸೇರಿಸಿಕೊಳ್ಳುತ್ತವೆ. ಬುಕ್ ಮಾಡುವ ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ತೋಟದಲ್ಲಿ ಬೇರೆ ನಾಯಿಗಳಿವೆಯೇ, ಆನೆ ಓಡಾಟವಿದೆಯೇ ಎಂದೂ ಕೇಳಿ. ರಾತ್ರಿ ಕರಿಯ ನಿಮ್ಮ ಕೋಣೆಯೊಳಗೇ ಮಲಗಲಿ, ಜಗುಲಿಯಲ್ಲಿ ಕಟ್ಟಬೇಡಿ.

ಅವನಿಗೆ ನೀರು ಇಷ್ಟ, ಈಜಲು ಬಿಡಿ. ಆದರೆ ಕಾವೇರಿ, ತುಂಗಭದ್ರಾ, ದಾಂಡೇಲಿಯ ಕಾಳಿ ನದಿಗಳಲ್ಲಿ ಮೊಸಳೆಗಳಿವೆ, ಅಲ್ಲಿ ದಡದಿಂದಲೂ ದೂರ ಇರಲಿ. ಹಸಿರು ಪಾಚಿ ಕೆನೆಗಟ್ಟಿದ ಕೆರೆಯ ನೀರು ವಿಷವಾಗಿರಬಹುದು. ತಾವರೆ ಬಳ್ಳಿ ಹೆಣೆದುಕೊಂಡ ಕಡೆ ಕಾಲು ಸಿಕ್ಕಿಕೊಳ್ಳುತ್ತದೆ. ಕಡಲತೀರಕ್ಕೆ ಹೋದರೆ ಕುಡಿಯುವ ನೀರು ಆಗಾಗ ಕೊಡಿ. ಉಪ್ಪುನೀರು ಕುಡಿದರೆ ವಾಂತಿ, ಭೇದಿ ಆಗಬಹುದು. ಚಳಿಗಾಲದಲ್ಲಿ ಹೊನ್ನಾವರ ಮತ್ತು ಸುತ್ತಲಿನ ತೀರಗಳಲ್ಲಿ ಕಡಲಾಮೆಗಳು ಮರಳಿನಲ್ಲಿ ಮೊಟ್ಟೆಯಿಡುತ್ತವೆ. ನಾಯಿಯ ಮೂಗಿಗೆ ಆ ಗೂಡು ಸಿಗುವುದು ಕಷ್ಟವಲ್ಲ, ಹಾಗಾಗಿ ಅಲ್ಲಿ ಹಗ್ಗ ಬಿಚ್ಚಬೇಡಿ. ಬಯಲಿನಲ್ಲೂ ಅಷ್ಟೇ. ಟಿಟ್ಟಿಭ ಬರಿ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿ. ಅದು ತಲೆಯ ಮೇಲೆ ಕಿರುಚುತ್ತ ಸುತ್ತತೊಡಗಿದರೆ ಕರಿಯನನ್ನು ಕರೆದುಕೊಂಡು ಬೇರೆ ದಾರಿ ಹಿಡಿಯಿರಿ.

ಹೊರಡುವ ಮೊದಲು

ಮೊದಲ ಭೇಟಿ ಪಶುವೈದ್ಯರಿಗೆ. ರೇಬಿಸ್ ಲಸಿಕೆ, ಡಿಸ್ಟೆಂಪರ್, ಪಾರ್ವೊ, ಇಲಿಜ್ವರ ಇವುಗಳ ಲಸಿಕೆ ಚಾಲ್ತಿಯಲ್ಲಿದೆಯೇ ನೋಡಿ. ನಿಂತ ನೀರಿನಲ್ಲಿ ಆಡುವ ನಾಯಿಗೆ ಇಲಿಜ್ವರದ ಲಸಿಕೆ ಮಳೆಗಾಲಕ್ಕೆ ಮುಂಚೆಯೇ ಆಗಿರಬೇಕು. ಲ್ಯಾಬ್ರಡಾರ್‌ಗಳಿಗೆ ಸೊಂಟದ ಕೀಲಿನ ತೊಂದರೆ ಸಾಮಾನ್ಯ, ಅದನ್ನೂ ಪರೀಕ್ಷಿಸಿ ಎನ್ನಿ. 30 ಕೆ.ಜಿ. ಈ ತಳಿಯ ಗಂಡಿಗೆ ಹೆಚ್ಚೇನಲ್ಲ. ಪಕ್ಕೆಲುಬು ಕೈಗೆ ಸಿಗುತ್ತಿದ್ದರೆ ತೂಕ ಸರಿಯಿದೆ ಎಂದೇ ಅರ್ಥ. ಇದನ್ನು ಓದುತ್ತಿರುವ ಬೇರೆಯವರ ಮನೆಯಲ್ಲಿ ದೊಡ್ಡ ತಳಿಯ ಮರಿ ಇದ್ದರೆ ಒಂದು ಒಂದೂವರೆ ವರ್ಷದವರೆಗೆ ಉದ್ದ ನಡಿಗೆ, ಬೆಟ್ಟ ಬೇಡ. ಮೂಳೆ ಇನ್ನೂ ಬಲಿಯುತ್ತಿರುತ್ತದೆ. ಪಗ್, ಶಿಟ್ಸು, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನವಕ್ಕೆ ಸರಿಯಾಗಿ ತೇಕಲೂ ಆಗುವುದಿಲ್ಲ. ಅವಕ್ಕೆ ಮನೆಯ ಹತ್ತಿರದ ತಂಪು ಹೊತ್ತಿನ ನಡಿಗೆಯೇ ಸರಿ.

ಉಣ್ಣಿಯ ವಿಷಯದಲ್ಲಿ ಉದಾಸೀನ ಬೇಡ. ಉಣ್ಣಿಯಿಂದ ಬರುವ ಜ್ವರಗಳು ನಾಯಿಯ ರಕ್ತವನ್ನೇ ಕೆಡಿಸುತ್ತವೆ. ಊಟ ಬಿಡುವುದು, ಮಂಕಾಗುವುದು, ಒಸಡು ಬಿಳಿಚುವುದು, ಮೂಗಿನಲ್ಲಿ ರಕ್ತ ಕಂಡರೆ ತಡ ಮಾಡಬೇಡಿ. ಕತ್ತಿಗೆ ಹಚ್ಚುವ ಹನಿ ಅಥವಾ ಬಾಯಿಗೆ ಹಾಕುವ ಮಾತ್ರೆ, ಯಾವುದು ಅವನಿಗೆ ಹೊಂದುತ್ತದೆ ಎಂದು ವೈದ್ಯರನ್ನೇ ಕೇಳಿ. ನಡಿಗೆಯಿಂದ ಬಂದ ಕೂಡಲೇ ಕಿವಿಯ ಒಳಮಡಿಕೆ, ಬೆರಳ ಸಂದಿ, ಬೆಲ್ಟಿನ ಕೆಳಗೆ, ಕಂಕುಳು, ಬಾಲದ ಬುಡ ತಡವಿ ನೋಡಿ. ಸಿಕ್ಕ ಉಣ್ಣಿಯನ್ನು ಚಿಮಟದಿಂದ ಚರ್ಮದ ಪಕ್ಕದಲ್ಲೇ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿ ಬೇಡ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಮನುಷ್ಯರಿಗೆ ಹರಡುವುದೂ ಉಣ್ಣಿಯಿಂದಲೇ. ಕಾಡಿನ ಉಣ್ಣಿಯನ್ನು ನಾಯಿ ಮೈಮೇಲೆ ಹೊತ್ತು ಮನೆಗೆ ತರಬಲ್ಲದು. ಡಿಸೆಂಬರ್‌ನಿಂದ ಮೇವರೆಗೆ ಆ ಕಾಯಿಲೆಯಿರುವ ಮಲೆನಾಡಿನ ಊರುಗಳ ಕಾಡಂಚಿಗೆ ಅವನನ್ನು ಒಯ್ಯದಿರುವುದೇ ಕ್ಷೇಮ.

ಮಳೆಗಾಲದ ಮಲೆನಾಡಿನಲ್ಲಿ ಇಂಬಳ ಕಾಲಿಗಷ್ಟೇ ಹತ್ತುವುದಿಲ್ಲ, ಮೂಸುವ ನಾಯಿಯ ಹೊಳ್ಳೆಯೊಳಗೂ ಹೋಗುತ್ತದೆ. ಒಂದೇ ಹೊಳ್ಳೆಯಿಂದ ರಕ್ತ, ಬಿಡದ ಸೀನು ಕಂಡರೆ ಅದೇ ಇರಬಹುದು. ಮೂಗಿಗೆ ಉಪ್ಪು, ಸುಣ್ಣ ಹಾಕದೆ ವೈದ್ಯರ ಬಳಿ ಹೋಗಿ. ಹುತ್ತ, ಕಲ್ಲಿನ ರಾಶಿ, ಒಣಗಿದ ತೆಂಗಿನ ಗರಿಯ ರಾಶಿಗೆ ಮೂಗು ತೂರಿಸಲು ಬಿಡಬೇಡಿ. ನಾಗರ, ಕೊಳಕುಮಂಡಲ ಅಲ್ಲೇ ಇರುವುದು, ನಾಯಿಗೆ ಕಡಿತ ಬೀಳುವುದು ಮೂತಿಗೆ ಇಲ್ಲವೇ ಮುಂಗಾಲಿಗೆ. ಕಚ್ಚಿದರೆ ಕಟ್ಟು ಹಾಕಬೇಡಿ, ಕೊಯ್ಯಬೇಡಿ, ನಡೆಸಬೇಡಿ. ಎತ್ತಿಕೊಂಡು ಆಸ್ಪತ್ರೆಗೆ ಹೋಗಿ. ಹಾವಿನ ವಿಷಕ್ಕೆ ಮನುಷ್ಯರಿಗೆ ಕೊಡುವ ಪ್ರತಿವಿಷವೇ ನಾಯಿಗೂ ಆಗುತ್ತದೆ. ಯಾವ ಪಶು ಆಸ್ಪತ್ರೆಯಲ್ಲಿ ಅದು ಸಿಗುತ್ತದೆ, ಭಾನುವಾರ ಯಾರು ತೆರೆದಿರುತ್ತಾರೆ ಎಂದು ಮೊದಲೇ ವಿಚಾರಿಸಿ ನಂಬರು ಇಟ್ಟುಕೊಂಡಿರಿ.

ಬ್ಯಾಗಿನಲ್ಲಿ ಇವಿಷ್ಟಿರಲಿ: ಅವನಿಗೆಂದೇ ಒಂದು ಲೀಟರು ನೀರು, ಮಡಚುವ ಬಟ್ಟಲು, ಟವೆಲು, ಚಿಮಟ, ಬ್ಯಾಂಡೇಜು, ಹಳೆಯ ಪೇಪರು. ಮನೆಯಲ್ಲಿ ಸುಮ್ಮನಿದ್ದ ದಿನವೇ ಅವನ ತೂಕದ ನಾಯಿಗೆ ಒಂದೂವರೆ ಲೀಟರಿಗಿಂತ ಹೆಚ್ಚು ನೀರು ಬೇಕು. ಹಾಗಾಗಿ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕುಡಿಸಿ. ಹೊಟ್ಟೆ ತುಂಬ ತಿನ್ನಿಸಿ ಹೊರಡಿಸಬೇಡಿ, ಬಂದು ಅರ್ಧ ಗಂಟೆ ಸುಧಾರಿಸಿಕೊಂಡ ಮೇಲೆ ಊಟ. ಚಾರಣಿಗರು ಜೇಬಿನಲ್ಲಿಡುವ ಒಣದ್ರಾಕ್ಷಿ, ಚಾಕೊಲೇಟು ಎರಡೂ ನಾಯಿಗೆ ವಿಷ, ಅದನ್ನು ಮಗಳಿಗೂ ಹೇಳಿ. ನಮ್ಮ ನೋವಿನ ಮಾತ್ರೆಗಳನ್ನು, ಸೊಳ್ಳೆಗೆ ಹಚ್ಚುವ ಮುಲಾಮನ್ನು ಅವನಿಗೆ ಬಳಸಬೇಡಿ. ಕತ್ತಿನ ಬೆಲ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು. ಅದಕ್ಕೆ ಹದಿನೈದು ಅಡಿ ಹಗ್ಗ ಕಟ್ಟಿದರೆ ಅವನಿಗೆ ಮೂಸಲು ಬೇಕಾದಷ್ಟು ಜಾಗ ಸಿಗುತ್ತದೆ, ನಿಮ್ಮ ಕೈಯೂ ತಪ್ಪುವುದಿಲ್ಲ. ಬೆಲ್ಟಿನ ಮೇಲೆ ನಿಮ್ಮ ಫೋನ್ ನಂಬರು ಇರಲಿ.

ದಾರಿಯ ಜನಕ್ಕೆ ನಾಯಿಯ ಭಯ ಇರಬಹುದು, ಮಕ್ಕಳಿರಬಹುದು, ಕರು ಹಾಕಿದ ಹಸು ಇರಬಹುದು. ಎದುರಿಗೆ ಯಾರೇ ಬಂದರೂ ಹಗ್ಗ ಗಿಡ್ಡ ಮಾಡಿ, ಬದಿಗೆ ನಿಂತು ದಾರಿ ಬಿಡಿ. ಊರ ನಾಯಿಗಳು ಗುಂಪಾಗಿ ಬಂದರೆ ಕಲ್ಲೆತ್ತಬೇಡಿ, ಓಡಬೇಡಿ. ಅದು ಅವುಗಳ ಜಾಗ, ನೀವು ನಿಧಾನವಾಗಿ ಹಿಂದಕ್ಕೆ ಸರಿಯಿರಿ. ಅವನು ಮಾಡಿದ ಹೇಲನ್ನು ಪೇಪರಿನಲ್ಲಿ ತೆಗೆದು ಗುಂಡಿ ತೋಡಿ ಮುಚ್ಚಿ. ಒಬ್ಬರ ತೋಟದಲ್ಲಿ ನಾವು ಹೇಗೆ ನಡೆದುಕೊಂಡೆವು ಎನ್ನುವುದರ ಮೇಲೆ ಮುಂದೆ ನಾಯಿಯ ಜೊತೆ ಬರುವವರಿಗೆ ಗೇಟು ತೆರೆಯುತ್ತದೆ ಅಥವಾ ಮುಚ್ಚುತ್ತದೆ.

ಈ ಭಾನುವಾರ ಹೀಗೆ ಶುರು ಮಾಡಿ. ಮನೆಯಿಂದ ಅರ್ಧ ಗಂಟೆ ದೂರದ ಒಂದು ಕೆರೆ ಏರಿಗೆ ಹೋಗಿ, ಮಣ್ಣಿನ ದಾರಿಯಲ್ಲಿ ಒಂದು ಗಂಟೆ, ಅವನ ವೇಗದಲ್ಲಿ. ಮರುದಿನ ಅವನು ಕುಂಟದೆ ಎಂದಿನಂತೆ ಎದ್ದು ಓಡಾಡಿದರೆ ಮುಂದಿನ ವಾರ ಹದಿನೈದು ನಿಮಿಷ ಹೆಚ್ಚಿಸಿ. ಹೀಗೇ ಬೆಳೆಸುತ್ತ ಹೋದರೆ ಮುಂದಿನ ಚಳಿಗಾಲದ ಹೊತ್ತಿಗೆ ತೋಟದ ಗುಡ್ಡವೊಂದನ್ನು ನೀವು ಮೂವರೂ ಆರಾಮವಾಗಿ ಹತ್ತುತ್ತೀರಿ. ಕುಮಾರ ಪರ್ವತಕ್ಕೆ ನೀವೂ ಮಗಳೂ ಪರವಾನಗಿ ಪಡೆದು ಹೋಗಿಬನ್ನಿ. ಆ ಎರಡು ದಿನ ಕರಿಯನನ್ನು ಅವನಿಗೆ ಪರಿಚಯವಿರುವವರ ಮನೆಯಲ್ಲಿ, ಅವನದೇ ಹಾಸಿಗೆಯೊಂದಿಗೆ ಬಿಡಿ. ಹೊರಡುವ ದಿನ ಬೆಳಿಗ್ಗೆ ಒಂದು ಗಂಟೆ ಅವನನ್ನು ಮನಸಾರೆ ಮೂಸಲು ಬಿಟ್ಟು ನಡೆಸಿದ್ದರೆ, ಅವನು ಬಾಗಿಲಿಗೆ ಅಡ್ಡ ಮಲಗಿದರೂ ನೀವು ತಪ್ಪಿತಸ್ಥ ಭಾವವಿಲ್ಲದೆ ದಾಟಿ ಹೋಗಬಹುದು. ಅವನ ಪಾಲಿನ ತಿರುಗಾಟವನ್ನು ಅವನಿಗೆ ಕೊಟ್ಟೇ ಹೊರಟಿರುತ್ತೀರಿ.